ಗೋಲಿ ಮಿಷನ್ನು ಮತ್ತು ರಾಮಣ್ಣನ ಬಲಗೈ

ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡಬಾರದು ಎಂಬುದು ನಮ್ಮ ಮನೆಯಲ್ಲಿ ಬಹಳ ಹಿಂದೆಯೇ ತೀರ್ಮಾನವಾದ ಸಂಗತಿ. ನಾನು ರಿಪೇರಿ ಮಾಡಿದ ಫ್ಯಾನು ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಮಾಡಿಗೆ ಕಳಿಸುತ್ತದೆ. ನಾನು ಬಿಗಿ ಮಾಡಿದ ನಲ್ಲಿ ಬಿಡಿಸಲು ಪಕ್ಕದ ಮನೆಯ ಸೂರಜ್ ಬರಬೇಕು. ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಅಲ್ಲಿ ಕೆಲಸ ಅರ್ಧಕ್ಕೆ ನಿಂತರೆ ಯಾರೂ ಗಾಬರಿಯಾಗುವುದಿಲ್ಲ, ಫೈಲಿಗೆ ಇನ್ನೊಂದು ಹಾಳೆ ಸೇರುತ್ತದೆ ಅಷ್ಟೆ. ಆ ಅಭ್ಯಾಸವನ್ನು ನಾನು ಮನೆಗೂ ತಂದಿದ್ದೇನೆ ಎಂದು ಹೆಂಡತಿ ಕಲಾವತಿ ಹೇಳುತ್ತಾಳೆ. ಸುಳ್ಳಲ್ಲ. ಇಂಥ ನಾನು ಈ ಮಳೆಗಾಲದಲ್ಲಿ, ಕೋಡಿಬಾಗದ ನಮ್ಮ ಮನೆಯ ಜಗುಲಿಯಲ್ಲಿ, ಹಳೆಯ ಅಮೆರಿಕನ್ ಪಿನ್‌ಬಾಲ್ ಯಂತ್ರವೊಂದನ್ನು ಬಿಚ್ಚಿಕೊಂಡು ಕೂತೆ.

ಕಾರಣ ನನ್ನ ಅಣ್ಣ ರಾಮಣ್ಣ. ಬೇಲೆಕೇರಿ ಬಂದರಿನಲ್ಲಿ ಅದಿರು ತುಂಬುತ್ತಿದ್ದ ಕಾಲಕ್ಕೆ ಅವನು ಅಲ್ಲಿ ಬಾರ್ಜು ದೋಣಿಗಳ ಮೇಸ್ತ್ರಿ. ದನಿ ಎತ್ತಿದರೆ ನೀರಿನ ಆಚೆಗಿದ್ದವರೂ ತಿರುಗಿ ನೋಡಬೇಕು. ಬಂದರಿನ ಕೆಲಸ ನಿಂತ ಮೇಲೆ ಅಂಕೋಲೆಯ ಕಡೆ ನಮ್ಮ ಹಿರಿಯರ ಮನೆಯಲ್ಲಿ ಗದ್ದೆ ಮಾಡಿಕೊಂಡಿದ್ದ. ಈ ಬೇಸಿಗೆಯ ಕೊನೆಗೆ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನಕ್ಕೆ ಮರಳಿತು, ಬಲಗೈ ಮಾತ್ರ ಮರಳಲಿಲ್ಲ. ನಟ್ಟಿಯ ಹೊತ್ತು, ಎಮ್ಮೆ ಕರು ಹಾಕಿದೆ, ಅತ್ತಿಗೆ ಮನೆ ಬಿಟ್ಟು ಬರುವಂತಿರಲಿಲ್ಲ. ಆಸ್ಪತ್ರೆಗೆ ಹತ್ತಿರ ಎಂದು ಅವನನ್ನು ನಾವೇ ಕರೆದುಕೊಂಡು ಬಂದೆವು.

ವ್ಯಾಯಾಮ ಮಾಡಿಸಲು ವಿನುತಾ ಎಂಬ ಹುಡುಗಿ ಬರುತ್ತಿದ್ದಳು. "ಕಾಕಾ, ಕೈ ಸತ್ತಿಲ್ಲ, ಮಲಗಿದೆ. ದಿನಾ ಎಬ್ಬಿಸ್ಬೇಕು," ಎಂದು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಳು. ರಾಮಣ್ಣ ಅದನ್ನು ಎಡಗೈಯಿಂದ ಎತ್ತಿ ಕಂಪೌಂಡಿನ ಆಚೆ ಎಸೆದ. ನಾನು ಹೆಕ್ಕಿ ತಂದೆ. ಅವನು ಮತ್ತೆ ಎಸೆದ. ಈ ಆಟದಲ್ಲಿ ವ್ಯಾಯಾಮ ಆದದ್ದು ನನಗೆ. ಕೊನೆಗೊಮ್ಮೆ ಬೀದಿನಾಯಿ ಚೆಂಡನ್ನು ಕಚ್ಚಿಕೊಂಡು ಹೋಗಿ ಇಬ್ಬರನ್ನೂ ಪಾರುಮಾಡಿತು.

ಚೆಂಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಬೇಜಾರಾದದ್ದು ಅವನು ಆಮೇಲೆ ಆಡಿದ ಮಾತಿಗೆ. ನಮ್ಮ ಕುಟುಂಬದ ಗಣಪತಿ ಕೂರುವುದು ಹಿರಿಯರ ಮನೆಯಲ್ಲಿ. ಚೌತಿಯ ದಿನ ಗಣಪತಿಯ ಮೇಲೆ ಕಾಯಿ, ಹಣ್ಣು, ಅಡಿಕೆ ಗೊನೆ ತೂಗಿಸಿ ಮಾಟೋಳಿ ಕಟ್ಟುತ್ತೇವೆ. ಅದರ ಕೆಳಗೆ ನಿಂತು ಮೊದಲ ಆರತಿ ಎತ್ತುವವನು ಮನೆಯ ಹಿರಿಯ ಗಂಡಸು. ಅಪ್ಪ ತೀರಿಕೊಂಡ ವರ್ಷದಿಂದ ಅದು ರಾಮಣ್ಣನ ಕೆಲಸ. ಆರತಿ ತಟ್ಟೆ ಹಿಡಿದರೆ ಅವನ ಮುಖವೇ ಬೇರೆ. ಬಾರ್ಜಿನವರಿಗೆ ಬೈಯುವ ಮನುಷ್ಯ ಅವನೇನಾ ಎಂದು ಅನುಮಾನ ಬರಬೇಕು.

"ಈ ವರ್ಷ ನೀ ಎತ್ತು ತಮಾ," ಅಂದ, ಮಂಚದ ಮೇಲೆ ಗೋಡೆಗೆ ಮುಖ ಮಾಡಿಕೊಂಡು. "ಎಡಗೈಲಿ ದೇವ್ರಿಗೆ ಆರತಿ ಎತ್ತೂದಿಲ್ಲ ನಾನು. ಈ ವರ್ಷ ಅಂತ ಅಲ್ಲ, ಇನ್ ಮುಂದೆ ನಿಂದೇ."

ಆರತಿ ಎತ್ತಲು ನನಗೇನು ಕಷ್ಟವಿಲ್ಲ, ಹೆಚ್ಚೆಂದರೆ ಮಾಟೋಳಿಗೆ ಬೆಂಕಿ ತಗುಲಿಸಬಹುದು. ಆದರೆ ಆ ತಟ್ಟೆ ನನಗೆ ಬೇಡವಾಗಿತ್ತು. ನನಗೆ ಬೇಕಾಗಿದ್ದದ್ದು ಅಣ್ಣನ ಕೈ.

"ಅವ್ರಿಗೆ ಇಷ್ಟ ಇರೂ ಕೆಲ್ಸ ಎಂತಾದ್ರೂ ಕೊಡಿ," ಎಂದು ವಿನುತಾ ನನ್ನನ್ನು ಹೊರಗೆ ಕರೆದು ಹೇಳಿದಳು. "ಮನಸ್ಸು ಅಲ್ಲಿದ್ರೆ ಬೆರಳು ತಾನಾಗೇ ಹೋಗ್ತದೆ. ಹಿಂಗೇ ಬಿಟ್ರೆ ಕೈ ಬಿಗಿದು ಕುಂತ್ಕಳ್ತದೆ."

ರಾಮಣ್ಣನಿಗೆ ಇಷ್ಟದ ಕೆಲಸ ಯಾವುದು ಎಂದು ಯೋಚಿಸುವಾಗ ನೆನಪಾದದ್ದು ಗೋಲಿ ಮಿಷನ್ನು. ಬಂದರಿನ ಕೆಲಸಗಾರರಿಗೆಂದು ಇದ್ದ ವಿರಾಮದ ಕೋಣೆಗೆ ಮ್ಯಾನೇಜರನೊಬ್ಬ ಅದನ್ನು ಗೋವೆಯ ಯಾವುದೋ ಮುಚ್ಚಿಹೋದ ಬಾರಿನಿಂದ ತಂದಿದ್ದ. ಓರೆಯಾದ ಮೇಜು, ಮೇಲೆ ಗಾಜು, ಒಳಗೆ ಉಕ್ಕಿನ ಗೋಲಿ. ಗೋಲಿ ಗಂಟೆಗಳಿಗೆ, ಕಂಬಗಳಿಗೆ ಬಡಿದುಕೊಂಡು ಕೆಳಗೆ ಉರುಳಿ ಬರುತ್ತದೆ. ಕೆಳಗಿನ ಗುಂಡಿಗೆ ಬೀಳುವ ಮೊದಲು ಅದನ್ನು ಮತ್ತೆ ಮೇಲಕ್ಕೆ ಹೊಡೆಯಲು ಎಡಕ್ಕೊಂದು ಬಲಕ್ಕೊಂದು ಚಿಕ್ಕ ಮರದ ತುಂಡು. ಬಂದರಿನವರು ಆ ತುಂಡುಗಳನ್ನು ದೋಣಿಯ ಹುಟ್ಟು ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಒಂದೊಂದು ಬಟನ್ ಇರುತ್ತದೆ, ಬೆರಳಿಂದ ಒತ್ತಿದರೆ ಹುಟ್ಟು ಬಡಿಯುತ್ತದೆ. ಆ ಯಂತ್ರಕ್ಕೆ ರಾಮಣ್ಣ ರಾಜ. ಅವನು ಆಡುವಾಗ ಊಟದ ಬಿಡುವು ಮುಗಿದರೂ ಯಾರೂ ಏಳುತ್ತಿರಲಿಲ್ಲ. ಅವನನ್ನು ನೋಡಲು ಹೋದಾಗ ನಾನೂ ಆಡುತ್ತಿದ್ದೆ. ನನ್ನ ಗೋಲಿ ಮೇಲಿಂದ ನೇರವಾಗಿ ಕೆಳಗಿನ ಗುಂಡಿಗೇ ಬರುತ್ತಿತ್ತು, ಬಸ್ಸು ಡಿಪೋಕ್ಕೆ ಬಂದಂತೆ.

ಬೇಲೆಕೇರಿಗೆ ಹೋಗಿ ವಿಚಾರಿಸಿದೆ. ಯಂತ್ರ ರಾಮಣ್ಣನ ಹಳೆಯ ಸ್ನೇಹಿತ ದತ್ತಾನ ಬಳಿ ಇತ್ತು. ದತ್ತಾ ಮೀನುಗಾರ. ಬಂದರಿನ ಕೋಣೆ ಖಾಲಿ ಮಾಡಿಸುವಾಗ ಅದನ್ನು ಹೊತ್ತು ತಂದು ತನ್ನ ಕೊಟ್ಟಿಗೆಯಲ್ಲಿಟ್ಟು ಮೇಲೆ ಬಲೆ ಪೇರಿಸಿದ್ದ. ಗಾಜಿನ ಮೇಲೆ ಸಿಗಡಿಯ ಮೀಸೆಗಳು ಒಣಗಿ ಅಂಟಿದ್ದವು.

"ತಕಂಡು ಹೋಗು ಮಾರಾಯ," ಅಂದ. "ರಾಮಣ್ಣಂಗೆ ಅಂದ್ರೆ ಬೇಕಾದ್ರೆ ಕೊಟ್ಟಿಗೇನೂ ಕಟ್ಕಂಡು ಹೋಗು. ಆದ್ರೆ ರಿಪೇರಿ ಯಾರು ಮಾಡ್ತಾರೆ?"

"ನಾನೇ," ಅಂದೆ.

ದತ್ತಾ ಕಡಲ ಕಡೆ ನೋಡಿದ. ಅವನು ಸಭ್ಯ ಮನುಷ್ಯ.

ಮೀನಿನ ಟೆಂಪೋದಲ್ಲಿ ಯಂತ್ರ ಕೋಡಿಬಾಗಕ್ಕೆ ಬಂತು. ಜಗುಲಿಯಲ್ಲಿ ಇಳಿಸಿದಾಗ ರಾಮಣ್ಣ ಬಾಗಿಲಿಗೆ ಬಂದು ನೋಡಿದ, ಒಂದು ಮಾತೂ ಆಡದೆ ಹೋಗಿ ಮಲಗಿದ. ಕಲಾವತಿ ಮಾತ್ರ ಆಡಿದಳು. ಅವಳ ತವರು ಕದ್ವಾಡ, ಸಿಟ್ಟು ಬಂದರೆ ಕೊಂಕಣಿ ಬರುತ್ತದೆ. ಕೊಂಕಣಿಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಕನ್ನಡದಲ್ಲಿ ಇಷ್ಟು ಹೇಳಿದಳು: "ಅಹೋ, ಬಾವನವರಿಗೆ ಒಳ್ಳೇದಾಗ್ತದೆ ಅಂದ್ರೆ ನಾ ಬೇಡ ಅನ್ನೂದಿಲ್ಲ. ಚೌತಿ ಒಳಗೆ ಇದು ನಡೀಬೇಕು, ಇಲ್ಲಾಂದ್ರೆ ಕಾಳಿ ಹೊಳೆಗೆ ಬಿಡೂದು. ನಿಮ್ಮನ್ನೂ ಸೇರ್ಸಿ."

ಕೆಲಸ ಕಲಿಯಲು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡೆ. ಒಬ್ಬ ಬೋಳುತಲೆಯ ಅಮೆರಿಕದವನು ಇಂಥದೇ ಯಂತ್ರ ಬಿಚ್ಚುತ್ತ ಪಟಪಟನೆ ಮಾತಾಡುತ್ತಿದ್ದ. ನನಗೆ ಅರ್ಥವಾದದ್ದು ಅವನು ನಡುನಡುವೆ ಹೇಳುತ್ತಿದ್ದ ಓಕೆ ಒಂದೇ. ನಾನೂ ಓಕೆ ಎಂದು ಬಿಚ್ಚತೊಡಗಿದೆ. ತಳದ ಹಲಗೆ ತೆಗೆದ ಕೂಡಲೇ ಕೆಂಪು ಅದಿರಿನ ಧೂಳು ಜಗುಲಿಯ ತುಂಬ ಸುರಿಯಿತು. ಅಷ್ಟು ವರ್ಷದಿಂದ ಒಳಗೇ ಕೂತಿತ್ತು. ಅದರ ಹಿಂದೆಯೇ ತಂತಿಗಳ ಕಾಡು, ಸುರುಳಿಗಳು, ಸ್ಪ್ರಿಂಗುಗಳು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಗುರುತಿಗೆ ಬಣ್ಣದ ಟೇಪು ಅಂಟಿಸಿದೆ. ಬುದ್ಧಿವಂತಿಕೆಯ ಕೆಲಸ. ಮಾಡುವವನು ನಾನಾದ್ದರಿಂದ ಎಲ್ಲಕ್ಕೂ ಹಸಿರು ಟೇಪನ್ನೇ ಅಂಟಿಸಿದ್ದೆ.

ಕಂಬಗಳ ಸುತ್ತಲಿನ ರಬ್ಬರ್ ಬಳೆಗಳು ಪುಡಿಯಾಗಿದ್ದವು. ಅಡುಗೆಮನೆಯಲ್ಲಿ ಮಿಕ್ಸಿ ಜಾರಿನ ವಾಶರ್‌ಗಳು ಸರಿಯಾದ ಅಳತೆಯವು ಎಂದು ಕಂಡುಹಿಡಿದೆ. ಮಾರನೆಯ ದಿನ ಮೀನು ಸಾರಿನ ಮಸಾಲೆ ಜಾರಿನ ಬುಡದಿಂದ ಇಳಿದು ಕಟ್ಟೆಯ ಮೇಲೆ ಹರಿಯಿತು. ಕಲಾವತಿ ಜಗುಲಿಗೆ ಬಂದು ಗಾಜಿನೊಳಗೆ ಇಣುಕಿ, ತನ್ನ ವಾಶರ್‌ಗಳನ್ನು ಒಂದೊಂದಾಗಿ ಗುರುತಿಸಿದಳು. ಆಮೇಲೆ ನಾನು ಸೈಕಲ್ ಟ್ಯೂಬ್ ಕತ್ತರಿಸಿ ಬಳೆ ಮಾಡಿದೆ.

ಇವೆಲ್ಲ ಸಣ್ಣ ಅನಾಹುತಗಳು. ದೊಡ್ಡದು ಮರದ ಪೆಟ್ಟಿಗೆಯಿಂದ ಬಂತು. ಉಪ್ಪು ಗಾಳಿಗೆ ಹಲಗೆ ಉಬ್ಬಿ, ಮೂಲೆಗಳಲ್ಲಿ ಹುಳ ತಿಂದು, ಕೈಯಿಟ್ಟರೆ ಉದುರುವಂತಿತ್ತು. ದತ್ತಾನಿಗೆ ಫೋನ್ ಮಾಡಿದೆ.

"ಮರ ಅಂದ್ರೆ ತಾರ್ಲೆ ಎಣ್ಣೆ," ಅಂದ. "ನಮ್ಮಪ್ಪನ ಕಾಲದ ದೋಣಿ, ವರ್ಷಾ ಅದೇ ಹಚ್ಚೂದು, ಇನ್ನೂ ಕಲ್ಲಿನ ಹಂಗೆ ಅದೆ. ಒಂದು ಡಬ್ಬಿ ಕಳಿಸ್ತೆ. ಆದ್ರೆ ಕೇಳು, ಹಚ್ಚಿ ಬಿಸಿಲಿಗೆ..."

ಬಿಸಿಲಿಗೆ ಎಂಬಲ್ಲಿಗೆ ನಾನು ಸರಿ ಸರಿ ಎಂದು ಫೋನ್ ಇಟ್ಟೆ. ತಾರ್ಲೆ ಮೀನನ್ನು ಕುದಿಸಿ ತೆಗೆದ ಎಣ್ಣೆ ಅದು. ಕಡಲ ದಂಡೆಯಲ್ಲಿ, ಬೋರಲು ಹಾಕಿದ ದೋಣಿಗೆ ಹಚ್ಚಿ, ಬಿಸಿಲು ಗಾಳಿಯಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ. ನಾನು ಸುರಿವ ಮಳೆಯಲ್ಲಿ, ಕಿಟಕಿ ಮುಚ್ಚಿದ ಜಗುಲಿಯಲ್ಲಿ, ಪೆಟ್ಟಿಗೆಯ ಒಳಗೂ ಹೊರಗೂ ಧಾರಾಳವಾಗಿ ಹಚ್ಚಿದೆ. ಮರ ಕುಡಿಯುತ್ತಲೇ ಇತ್ತು. ಪಾಪ ಬಾಯಾರಿದೆ ಎಂದು ಇನ್ನೊಂದು ಕೈ ಹಚ್ಚಿದೆ.

ಸಂಜೆಯ ಹೊತ್ತಿಗೆ ವಾಸನೆ ಎದ್ದಿತು. ಮೀನು ತಿನ್ನುವ ಮನೆ ನಮ್ಮದು, ಮೀನಿನ ವಾಸನೆ ನಮಗೆ ಹೊಸದಲ್ಲ. ಆದರೆ ಇದು ಹಾಸಿಗೆಗೆ, ಪುಸ್ತಕಕ್ಕೆ, ಚಹಾಪುಡಿಗೆ ಹೊಕ್ಕಿತು. ಬೆಳಗ್ಗೆ ಬಾಗಿಲು ತೆರೆದರೆ ಕೋಡಿಬಾಗದ ಬೆಕ್ಕುಗಳೆಲ್ಲ ಮೆಟ್ಟಿಲ ಮೇಲೆ ಸಭೆ ಸೇರಿದ್ದವು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಕಿಟಕಿಯ ಹತ್ತಿರ ಜಾಗ ಕೇಳಿ ಅರ್ಜಿ ಕೊಟ್ಟರು. ಆ ಅರ್ಜಿಯ ಫೈಲನ್ನು ತೆರೆಯಬೇಕಾದವನು ನಾನೇ. ಕಲಾವತಿ, "ಪುರೋ, ಸಾಕು ಇವ್ರ ಸಂಸಾರ," ಎಂದು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಬಟ್ಟೆಗೂ ಅದೇ ವಾಸನೆ ಹೊಡೆಯುತ್ತಿದೆ, ತವರಿಗೆ ಹೋದರೂ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ತೆಗೆದಿಟ್ಟಳು.

ಆಗ ಒಳಗಿನಿಂದ ದನಿ ಬಂತು. ಎಷ್ಟೋ ದಿನದಿಂದ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದವನ ದನಿ. ಬಾರ್ಜಿನ ದನಿ.

"ಯಾವ ಕತ್ತೆನಾ ಅದು ಮನೆ ಒಳಗೆ ತಾರ್ಲೆ ಎಣ್ಣೆ ಹಚ್ಚಿದ್ದು?"

ರಾಮಣ್ಣ ಗೋಡೆ ಹಿಡಿದು ಜಗುಲಿಗೆ ಬಂದ. ಯಂತ್ರದ ಸುತ್ತ ಒಮ್ಮೆ ನಡೆದ. ಮೂಸಿದ. "ಇದೇನು ದೋಣಿಯಾ? ಸಮುದ್ರಕ್ಕೆ ಇಳಿಸ್ತ್ಯಾ ಇದನ್ನ?" ಎಂದು ಕೇಳಿದ. ನಾನು ತಲೆ ತಗ್ಗಿಸಿ ನಿಂತೆ. ಬೈಸಿಕೊಳ್ಳುವುದು ಅಷ್ಟು ಸುಖವಾದದ್ದೆಂದು ನನಗೆ ಗೊತ್ತಿರಲಿಲ್ಲ. ಅವನು ಕುರ್ಚಿ ಎಳೆಸಿಕೊಂಡು ಕೂತ. ಮರುದಿನವೂ ಕೂತ. ನಾನು ಸ್ಕ್ರೂ ಹಾಕುವುದನ್ನು ನೋಡುವುದು, ನನ್ನ ಬುದ್ಧಿಯ ಬಗ್ಗೆ ಒಂದೆರಡು ಮಾತಾಡುವುದು ಅವನ ದಿನಚರಿಯಾಯಿತು. ಬಲಗೈ ಮಾತ್ರ ಮಡಿಲಲ್ಲಿ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು.

ಪ್ಲಗ್ ಹಾಕಿದ ದಿನದ ಕತೆ ಬೇಗ ಮುಗಿಯುತ್ತದೆ. ಸ್ವಿಚ್ ಒತ್ತಿದೆ. ಯಂತ್ರದ ಬಲ್ಬುಗಳೆಲ್ಲ ಒಂದೇ ಸಲ ಫಳ್ ಎಂದು ಬೆಳಗಿದವು. ಹಬ್ಬದಂತಿದೆ ಎನ್ನುವಷ್ಟರಲ್ಲಿ ಎಲ್ಲವೂ ಒಂದೇ ಸಲ ಸುಟ್ಟವು, ಮನೆಯ ಫ್ಯೂಸೂ ಹೋಯಿತು. ಕತ್ತಲಲ್ಲಿ ರಾಮಣ್ಣ ಕೇಳಿದ, "ಡಬ್ಬಿ ಎಲ್ಲಿ?" ಯಂತ್ರ ಅಮೆರಿಕದ್ದು, ನಮ್ಮ ಕರೆಂಟಿನ ಅರ್ಧ ಸಾಕು, ಅದನ್ನು ಇಳಿಸಿ ಕೊಡಲು ಒಂದು ಟ್ರಾನ್ಸ್‌ಫಾರ್ಮರ್ ಡಬ್ಬಿ ಇತ್ತಂತೆ. ದತ್ತಾನಿಗೆ ಫೋನ್ ಮಾಡಿದರೆ, "ಅದಾ? ಭಾರದ್ದು ಅಲ್ದಾ? ಕೊಟ್ಟಿಗೆ ಬಾಗ್ಲಿಗೆ ಅಡ್ಡ ಇಟ್ಕಂಡಿದ್ದೆ," ಅಂದ. ಮೋಟಾರ್ ಸುತ್ತುವ ಅಂಗಡಿಯಲ್ಲಿ ಅದಕ್ಕೆ ಹೊಸ ತಂತಿ ಸುತ್ತಿಸಿದೆ. ಅಂಗಡಿಯವನೇ ಮನೆಗೆ ಬಂದು ಸುಟ್ಟ ಜಾಗಗಳನ್ನು ಬೆಸೆದು, ಬಲ್ಬು ಬದಲಿಸಿ ಹೋದ. ಊರಿಗೆಲ್ಲ ನಾನೇ ರಿಪೇರಿ ಮಾಡಿದೆ ಎಂದು ಹೇಳಿಕೊಂಡು ತಿರುಗಿದ್ದರಿಂದ ಇದನ್ನು ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಚೌತಿ ಹತ್ತಿರ ಬಂದಿತ್ತು. ಒಂದು ಭಾನುವಾರ ಸಂಜೆ ದತ್ತಾ ಬಾಂಗ್ಡೆ ಮೀನು ತೆಗೆದುಕೊಂಡು ಬಂದ, ಕಲಾವತಿ ಚಹಾ ಮಾಡಿದಳು, ನಾನು ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದೆ. ದೀಪ ಹತ್ತಿತು. ಯಂತ್ರದ ಹಿಂಬದಿಯ ಗಾಜಿನ ಮೇಲೆ ಬರೆದಿದ್ದ, ಡಾಲ್ಫಿನ್ ಏರಿ ಕೂತ ಹೆಂಗಸು ಮೊದಲಿನಂತೆಯೇ ನಕ್ಕಳು. ಎಲ್ಲಿಯೋ ಒಂದು ಗಂಟೆ ತಾನಾಗಿ ಟಿಂಗ್ ಎಂದಿತು. ದತ್ತಾ ಕೈಮುಗಿದ.

ರಾಮಣ್ಣ ಎದ್ದು ಬಂದು ಯಂತ್ರದ ಎದುರು ನಿಂತ. ಬೆಳಗ್ಗೆಯಿಂದ ನಾನು ಕಾದಿದ್ದದ್ದು ಇದಕ್ಕೇ. ಈಗ ಬಲಗೈ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ನೋಡಿದೆ. ಅವನು ಎಡಗೈಯಿಂದಲೇ ಸ್ಪ್ರಿಂಗಿನ ಹಿಡಿ ಎಳೆದು ಗೋಲಿ ಬಿಟ್ಟ, ಎಡಗೈಯನ್ನೇ ಎಡದ ಬಟನ್ನಿನ ಮೇಲಿಟ್ಟ. ಎಡಕ್ಕೆ ಬಂದ ಗೋಲಿಯನ್ನು ಚೆನ್ನಾಗಿ ಹೊಡೆದ. ಬಲಕ್ಕೆ ಬಂದದ್ದು ಗುಂಡಿಗೆ ಬಿತ್ತು. ಮತ್ತೆ ಬಿಟ್ಟ, ಮತ್ತೆ ಬಿತ್ತು. ಬಲಗೈ ಪಕ್ಕದಲ್ಲಿ ನೇತಾಡುತ್ತಿತ್ತು. ಅವನು ಅದನ್ನು ನೋಡಲೂ ಇಲ್ಲ. ನನಗೆ ಅಳು ಬಂದಂತಾಯಿತು. ಇಷ್ಟು ವಾಸನೆ, ಇಷ್ಟು ರಂಪ, ಎಲ್ಲ ಹೊಳೆಗೆ ಹೋಯಿತು ಅಂದುಕೊಂಡೆ.

"ಬಾರಾ ಇಲ್ಲಿ," ಅಂದ ರಾಮಣ್ಣ. "ಬಲದ ಬದಿಗೆ ನಿಂತ್ಕ. ಬಲದ ಹುಟ್ಟು ನೀ ನೋಡ್ಕ, ಎಡದ್ದು ನಾ ನೋಡ್ತೆ. ಬಲದ್ದು ಮೊದ್ಲಿಂದ್ಲೂ ತಡ. ಗೋಲಿ ಬರೂಕೆ ಮುಂಚೆ ಒತ್ಬೇಕು, ತಿಳೀತಾ?"

ತಿಳಿಯಿತು ಅಂದೆ. ಅವನ ಬಲಗಡೆ ಒತ್ತಿಕೊಂಡು ನಿಂತು ಬಟನ್ನಿನ ಮೇಲೆ ಬೆರಳಿಟ್ಟೆ. ದೇವರಾಣೆಗೂ ನಾನು ಜೀವ ಬಿಟ್ಟು ಆಡಿದೆ. ಅಣ್ಣನ ಕೈ ಅಲ್ಲವಾದರೆ ಅಣ್ಣನ ಖುಷಿಯಾದರೂ ಸಿಗಲಿ ಎಂದು ಕಣ್ಣು ಮಿಟುಕಿಸದೆ ಗೋಲಿಯನ್ನೇ ನೋಡಿದೆ. ಅವನು "ಹೊಡಿ!" ಅಂದ. ನಾನು ಹೊಡೆದೆ. ಗೋಲಿ ಆಗಲೇ ಹೋಗಿಯಾಗಿತ್ತು.

"ಮುಂಚೆ ಅಂದ್ನಲ್ಲ!"

ಮುಂದಿನ ಸಲ ಮುಂಚೆ ಒತ್ತಿದೆ. ಎಷ್ಟು ಮುಂಚೆ ಎಂದರೆ ಗೋಲಿ ಇನ್ನೂ ಮೇಲೆ ಗಂಟೆ ಬಾರಿಸುತ್ತಿತ್ತು. ದತ್ತಾ ಚಹಾದ ಲೋಟದೊಳಗೆ ನಕ್ಕ. ಅದರ ಮುಂದಿನ ಸಲ ಗಾಬರಿಯಲ್ಲಿ ಒತ್ತಿದ್ದನ್ನು ಬಿಡುವುದೇ ಮರೆತೆ, ಹುಟ್ಟು ನಿಗುರಿ ನಿಂತಿತ್ತು, ಗೋಲಿ ಅದರ ಮೇಲೆ ಆರಾಮಾಗಿ ಉರುಳಿ ಗುಂಡಿಗೆ ಇಳಿಯಿತು. ರಾಮಣ್ಣನ ಕಿವಿ ಕೆಂಪಾಗತೊಡಗಿತು. ಬಾರ್ಜಿನ ಮೇಲೆ ಯಾರಾದರೂ ಹಗ್ಗ ತಪ್ಪಾಗಿ ಕಟ್ಟಿದರೆ ಅವನ ಕಿವಿ ಹೀಗೆಯೇ ಕೆಂಪಾಗುತ್ತಿತ್ತು.

ಆಮೇಲಿನ ಗೋಲಿ ಒಳ್ಳೆಯದಿತ್ತು. ಅವನು ಎಡದಿಂದ ಹೊಡೆದು ಹೊಡೆದು ಅದನ್ನು ಮೇಲಕ್ಕೇ ಇರಿಸಿದ್ದ, ಗಂಟೆಗಳು ಬಿಡದೆ ಬಡಿಯುತ್ತಿದ್ದವು, ಅಂಕೆಯ ಚಕ್ರಗಳು ಗರಗರ ತಿರುಗುತ್ತಿದ್ದವು. ಕಲಾವತಿ ಕೂಡ ಅಡುಗೆಮನೆಯಿಂದ ಬಂದು ನಿಂತಳು. ಅಷ್ಟರಲ್ಲಿ ಗೋಲಿ ಒಂದು ಕಂಬಕ್ಕೆ ಬಡಿದು ಬಲಕ್ಕೆ ತಿರುಗಿತು. ನಿಧಾನವಾಗಿ, ಚಿಕ್ಕ ಮಗುವೂ ಹೊಡೆಯಬಹುದಾದಷ್ಟು ನಿಧಾನವಾಗಿ, ನನ್ನ ಕಡೆಗೆ ಉರುಳಿ ಬಂತು.

"ಈಗ!" ಅಂದ ರಾಮಣ್ಣ.

ನನ್ನ ಬೆರಳು ಜಾರಿತು. ತಾರ್ಲೆ ಎಣ್ಣೆ ಆ ಜಾಗದಲ್ಲಿ ಇನ್ನೂ ಒಣಗಿರಲಿಲ್ಲ.

"ಅತ್ಲಾಗೆ ಸರಿಯಾ ಕತ್ತೆ!" ಎಂದು ಅಣ್ಣ ಕಿರುಚಿ ನನ್ನ ಕೈಯನ್ನು ತಳ್ಳಿದ. ತಳ್ಳಿದ್ದು ಜೋರಾಗೇನೂ ಇರಲಿಲ್ಲ, ಬೆಕ್ಕಿನ ಮರಿ ತಳ್ಳಿದಷ್ಟು. ನಾನು ನನ್ನ ಕೈ ನೋಡಿಕೊಂಡೆ. ತಳ್ಳಿದ್ದು ಅವನ ಬಲಗೈ. ಅದು ಈಗ ಬಟನ್ನಿನ ಮೇಲಿತ್ತು, ಬೆರಳುಗಳು ಅರ್ಧ ಮಡಚಿದಂತೆ, ನಡುಬೆರಳು ಒತ್ತುತ್ತ. ಬಲದ ಹುಟ್ಟು ಟಪ್ ಎಂದು ಬಡಿಯಿತು. ತಡವಾಗಿಯೇ ಬಡಿಯಿತು. ಗೋಲಿ ಗುಂಡಿಗೆ ಬಿತ್ತು.

ಚಹಾದ ಲೋಟ ದತ್ತಾನ ಕೈಯಲ್ಲಿ ಹಾಗೆಯೇ ನಿಂತಿತ್ತು. ಕಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೊತ್ತಾಗದಿದ್ದವನು ರಾಮಣ್ಣ ಒಬ್ಬನೇ.

"ನೋಡು, ನಿನ್ ದೆಸೆಯಿಂದ ಹೋಯ್ತು," ಎಂದು ನನ್ನನ್ನು ಬೈದ. "ಬದುಕಿನಲ್ಲಿ ಒಂದು ಗೋಲಿ ಹೊಡಿಯೂಕೆ ಬರೂದಿಲ್ಲ ನಿಂಗೆ. ಬಿಡು, ಇನ್ನೊಂದು ಬಿಡು." ಆಮೇಲೆ ನಾವೆಲ್ಲ ಎಲ್ಲಿ ನೋಡುತ್ತಿದ್ದೇವೆ ಎಂದು ಅವನೂ ಅಲ್ಲಿ ನೋಡಿದ. ಬಹಳ ಹೊತ್ತು ನೋಡಿದ. ಕೈ ತೆಗೆಯಲಿಲ್ಲ.

ಅವತ್ತಿನಿಂದ ದಿನಾ ಆಡಿದ. ವಿನುತಾ ಅವನಿಗೆ ಎದುರಾಳಿಯಾಗಿ ನಿಂತು ಸೋತಳು. ಮೊದಮೊದಲು ಬೆರಳು ಹತ್ತು ಸಲಕ್ಕೆ ಒಮ್ಮೆ ಮಾತು ಕೇಳುತ್ತಿತ್ತು, ಆಮೇಲೆ ಹೆಚ್ಚು. ಕೈ ಸೋತಾಗ ಅವನು ನನ್ನನ್ನು ಬಲಕ್ಕೆ ನಿಲ್ಲಿಸಿಕೊಳ್ಳುತ್ತಿದ್ದ. ನಾನು ಆಡುವುದನ್ನು ನೋಡಿ ಅವನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದ ಕೂಡಲೇ ಕೈ ಏಳುತ್ತಿತ್ತು. ನಾನೇ ಔಷಧಿ.

ಚೌತಿಗೆ ಎಲ್ಲರೂ ಹಿರಿಯರ ಮನೆಗೆ ಹೋದೆವು. ಮಾಟೋಳಿ ಕಟ್ಟಿತ್ತು. ಅತ್ತಿಗೆ ತಟ್ಟೆಯಲ್ಲಿ ಆರತಿ ಹಚ್ಚಿ, ಯಾರಿಗೆ ಕೊಡಬೇಕೆಂದು ತಿಳಿಯದೆ ಇಬ್ಬರ ನಡುವೆ ಹಿಡಿದು ನಿಂತರು. ರಾಮಣ್ಣ ಬಲಗೈ ಚಾಚಿದ. ಕೈ ನಡುಗುತ್ತಿತ್ತು, ದೀಪವೂ ನಡುಗಿತು. ನಾನು ಮೊಣಕೈಗೆ ಕೈ ಕೊಡಲು ಹೋದೆ, "ನೀ ಮುಟ್ಬೇಡ, ಬೀಳಿಸ್ತಿ," ಅಂದ. ಗಂಟೆ ಬಾರಿಸುವ ಕೆಲಸ ನನಗೆ ಸಿಕ್ಕಿತು. ಕಣ್ಣು ಮಂಜಾಗಿ ತಾಳ ತಪ್ಪಿತು. ಯಾರೂ ಬೈಯಲಿಲ್ಲ.

ಆರತಿ ಮುಗಿಯುವ ಹೊತ್ತಿಗೆ ಸೇರಿದ ನೆಂಟರಿಗೆಲ್ಲ ಕಲಾವತಿ ಕತೆ ಹೇಳಿಯಾಗಿತ್ತು. ಅವಳ ಕತೆಯಲ್ಲಿ ನಾನು ಬಹಳ ಬುದ್ಧಿವಂತ. ಅಣ್ಣನಿಗೆ ಸಿಟ್ಟು ಬರಿಸಿ ಕೈ ಎತ್ತಿಸಬೇಕೆಂದು ಲೆಕ್ಕ ಹಾಕಿ, ಗೋಲಿಗಳನ್ನು ಬೇಕಂತಲೇ ತಪ್ಪಿಸಿದ್ದೆನಂತೆ. ತಾರ್ಲೆ ಎಣ್ಣೆಯೂ ಅದೇ ಉಪಾಯದ ಭಾಗವಂತೆ. ಇಪ್ಪತ್ತು ವರ್ಷದಲ್ಲಿ ಹೆಂಡತಿ ನನ್ನನ್ನು ನಾಲ್ಕು ಜನರೆದುರು ಹೊಗಳಿದ್ದು ಅದೇ ಮೊದಲು. ಸತ್ಯ ಹೇಳುವ ಗಡಿಬಿಡಿ ನನಗೇನಿತ್ತು? ನಾನು ಕತ್ತು ಸ್ವಲ್ಪ ಓರೆ ಮಾಡಿ, ಏನೂ ಅಲ್ಲ ಬಿಡಿ ಎನ್ನುವ ಮುಖ ಮಾಡಿಕೊಂಡು ನಿಂತೆ.

"ಬೇಕಂತಲಾ?" ಅಂದ ರಾಮಣ್ಣ, ಆರತಿಯನ್ನು ಎಲ್ಲರ ಮುಂದೆ ಹಿಡಿಯುತ್ತ ಬಂದವನು ನನ್ನ ಎದುರು ನಿಂತು. "ಇಂವ ಬೇಕಂತ ತಪ್ಸಿದ್ದಲ್ಲ. ಇಂವಂಗೆ ಹೊಡಿಯೂಕೆ ಬರೂದೇ ಇಲ್ಲ. ಜೀವ ಬಿಟ್ಟು ಆಡ್ತಿದ್ದ, ನಾ ಪಕ್ಕದಲ್ಲೇ ನಿಂತು ನೋಡಿದ್ದೆ ಅಲ್ದಾ!"

ಮನೆಯೆಲ್ಲ ನಗತೊಡಗಿತು. ಕಲಾವತಿ ನಕ್ಕಳು, ಅತ್ತಿಗೆ ಕಣ್ಣು ಒರೆಸಿಕೊಂಡು ನಕ್ಕರು, ನಾನೂ ನಕ್ಕೆ. ರಾಮಣ್ಣ ಮೈಯೆಲ್ಲ ಕುಲುಕಿಸಿ ನಗುತ್ತಿದ್ದ. ಆರತಿ ತಟ್ಟೆ ಅವನ ಬಲಗೈಯಲ್ಲಿತ್ತು. ಬೀಳಲಿಲ್ಲ.